ಕಾಡಿಗೆಗುಡ್ಡದ ಒಳಗೆ ಉಳಿದವನು

ಕುರಿಹಟ್ಟಿ, ಹೊಸಬಾಳೆ ದಾರಿ
ಸೊರಬ ತಾಲ್ಲೂಕು
ನವೆಂಬರ್ ೧೯, ಬುಧವಾರ

ಪ್ರೀತಿಯ ನಿಮಗೆ,

ನಿಮ್ಮ ರೋಜಾಳ ನಮಸ್ಕಾರ. ಹೆಸರನ್ನು ಕವರಿನ ಮೇಲೆ ಬರೆದಿದ್ದೇನೆ, ಒಳಗೆ ಬರೆಯಲು ಕೈ ಬರುವುದಿಲ್ಲ. ಅತ್ತೆ ಪಕ್ಕದಲ್ಲೇ ಕೂತು ಹುರುಳಿ ಹಸನು ಮಾಡುತ್ತಿದ್ದಾರೆ. ಅವರಿಗೆ ಓದು ಬಾರದಿದ್ದರೂ ಸೊಸೆ ಗಂಡನ ಹೆಸರು ಬರೆದದ್ದು ಹೇಗೋ ಗೊತ್ತಾಗಿಬಿಡುತ್ತದೆ ಎಂದು ನನಗೆ ಅನುಮಾನ. ನಿಮ್ಮ ಆರೋಗ್ಯ ಹೇಗಿದೆ? ಅಲ್ಲಿ ಹಿಮ ಬೀಳಲು ಶುರುವಾಗಿರಬೇಕು. ಚಳಿಗೆ ನಿಮ್ಮ ಹಿಮ್ಮಡಿ ಒಡೆಯುತ್ತದಲ್ಲ, ಅದಕ್ಕೆ ಹರಳೆಣ್ಣೆ ಕಳಿಸು ಎಂದು ಅತ್ತೆ ಮೂರು ಸಲ ಹೇಳಿದರು. ಯುದ್ಧ ಮುಗಿಯುವವರೆಗೆ ಪಾರ್ಸಲ್ ತೆಗೆದುಕೊಳ್ಳುವುದಿಲ್ಲವಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಿಲಿಟರಿ ಲಾರಿ ಓಡಿಸುವಾಗ ಕಣ್ಣು ಎಳೆದರೆ ಹಟ ಮಾಡಬೇಡಿ, ಪಕ್ಕದವರ ಕೈಗೆ ಕೊಡಿ. ಗಡಿಯ ಮುಂದಿನ ಠಾಣೆಗೆ ಹೋಗುವಾಗ ಫೋನು ತೆಗೆದಿಟ್ಟುಕೊಳ್ಳುತ್ತಾರೆ ಎಂದು ನೀವೇ ಹೇಳಿದ್ದೀರಿ. ಆದರೂ ನಾನು ದಿನಕ್ಕೊಮ್ಮೆ ನಿಮ್ಮ ನಂಬರಿಗೆ ಹಚ್ಚುತ್ತೇನೆ. ಆ ಹೆಂಗಸು ಹಿಂದಿಯಲ್ಲಿ ಹೇಳುವುದನ್ನು ಪೂರ್ತಿ ಕೇಳಿ ಇಡುತ್ತೇನೆ.

ಇಲ್ಲಿ ಕುರಿಗಳು ಚೆನ್ನಾಗಿವೆ. ಏಳು ಮರಿ ಹಾಕಿವೆ, ಅದರಲ್ಲಿ ಒಂದು ಜೋಡಿ ಅವಳಿ. ಅತ್ತೆಯ ಮಂಡಿನೋವು ಮೊದಲಿನಷ್ಟೇ ಇದೆ, ಹೆಚ್ಚಾಗಿಲ್ಲ. ಆನವಟ್ಟಿ ರಸ್ತೆಯ ಅರ್ಧಕ್ಕೆಲ್ಲ ಮೆಕ್ಕೆಜೋಳ ಒಣಹಾಕಿದ್ದಾರೆ, ಬಸ್ಸಿನವರು ದಿನಾ ಜಗಳ ಮಾಡುತ್ತಾರೆ. ಮಾವನ ವಿಷಯ ಬರೆಯುತ್ತೇನೆ. ಈ ಪತ್ರ ಬರೆಯಲು ಹೇಳಿದ್ದೂ ಅವರೇ. ‘ಎಲ್ಲಾ ಬರಿಯವ್ವಾ, ಒಂದೂ ಬಿಡಬ್ಯಾಡ. ಅವನಪ್ಪ ಎಂಥಾವ ಅಂತ ಅವನಿಗೆ ಗೊತ್ತಾಗ್ಲಿ’ ಅಂದರು. ಯುದ್ಧದಲ್ಲಿರುವವರಿಗೆ ಇಂಥದ್ದನ್ನು ಬರೆಯಬಹುದೋ ಬಾರದೋ ಎಂದು ನಾಲ್ಕು ದಿನ ಯೋಚನೆ ಮಾಡಿದೆ. ಬರೆಯದಿದ್ದರೆ ಅವರು ಊಟ ಮಾಡುವುದಿಲ್ಲ. ಅದಕ್ಕೇ ಕೂತೆ.

ಸುಮಾರು ಮೂರು ವಾರದ ಹಿಂದೆ, ಒಂದು ಸೋಮವಾರ ಬೆಳಗ್ಗೆ, ಮೂರು ಜೀಪು ಹಟ್ಟಿಯ ಮುಂದೆ ಬಂದು ನಿಂತವು. ಕುರಿ ಹೊಡೆಯಲು ಹೊರಟಿದ್ದ ಮಾವ ಅಲ್ಲೇ ನಿಂತರು. ಜೀಪಿನಿಂದ ಮೊದಲು ಇಳಿದದ್ದು ಪಂಚಾಯ್ತಿ ಮೆಂಬರ್ ಗುರುಮಲ್ಲಪ್ಪನವರು, ಅವರ ಹಿಂದೆ ಬೂಟು ಹಾಕಿದ, ಮೂವತ್ತರ ಆಸುಪಾಸಿನ ಒಬ್ಬ ಮೇಡಂ. ಹೆಸರು ಚೈತ್ರಶ್ರೀ. ಭೂಮಿಯ ಒಳಗೆ ಏನಿದೆ ಎಂದು ನೋಡುವ ಇಲಾಖೆಯವರಂತೆ. ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಮ್ಯಾಂಗನೀಸ್ ಅದಿರು ಯುದ್ಧದಿಂದ ನಿಂತುಹೋಗಿದೆ, ಅದು ಬೆರೆಯದೆ ಗಟ್ಟಿ ಉಕ್ಕು ಆಗುವುದಿಲ್ಲ, ಉಕ್ಕಿಲ್ಲದೆ ತೋಪಿನ ಗುಂಡಾಗಲಿ ಟ್ಯಾಂಕಾಗಲಿ ತಯಾರಾಗುವುದಿಲ್ಲ, ಹಾಗಾಗಿ ಮುಚ್ಚಿ ಬಿದ್ದಿರುವ ಹಳೆಯ ಗಣಿಗಳನ್ನೆಲ್ಲ ಹತ್ತು ದಿನದೊಳಗೆ ಪರೀಕ್ಷೆ ಮಾಡಿ ವರದಿ ಕೊಡಬೇಕು ಎಂದು ಮೇಲಿನಿಂದ ಹುಕುಂ ಬಂದಿದೆ. ಇದನ್ನೆಲ್ಲ ಅವರು ನಮ್ಮ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿಯುತ್ತ, ಶಾಲೆಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ನಮ್ಮ ಕಾಡಿಗೆಗುಡ್ಡದ ಗಣಿ ಮುಚ್ಚಿ ನಲವತ್ತಾರು ವರ್ಷವಾಗಿದೆ. ನಕ್ಷೆ ಅರ್ಧಂಬರ್ಧ ಇದೆ. ಒಳಗಿನ ದಾರಿ ಬಲ್ಲವರು ಯಾರಾದರೂ ಬದುಕಿದ್ದಾರಾ ಎಂದು ಕೇಳಿಕೊಂಡು ಬಂದಿದ್ದರು.

ಮಾವ ತಲೆ ಎತ್ತಲಿಲ್ಲ. ‘ನಂಗೇನೂ ನೆನಪಿಲ್ಲ ತಾಯಿ. ಹೊಟ್ಟಿಪಾಡಿಗೆ ಕಲ್ಲು ಹೊತ್ತೆ, ಅಷ್ಟೇಯ’ ಅಂದರು. ನನಗೆ ಆಶ್ಚರ್ಯವಾಯಿತು. ಕುರಿ ಕಾಯಲು ಹೋದಾಗ, ಇಲ್ಲಿ ಆ ವರ್ಷ ಮೊಲ ಕೂತಿತ್ತು, ಇಲ್ಲಿ ಹುತ್ತ ಇತ್ತು ಎಂದು ಇಡೀ ಗುಡ್ಡವನ್ನು ನನಗೆ ತೋರಿಸಿದವರು ಅವರು. ಈಗ ನೋಡಿದರೆ ಗಣಿಯ ಬಾಯಿ ಇದ್ದ ದಿಕ್ಕಿಗೆ ಒಂದು ದಿನವೂ ಕುರಿ ಹೊಡೆದವರಲ್ಲ. ಗುರುಮಲ್ಲಪ್ಪ ಬಿಡಲಿಲ್ಲ. ‘ಯಾಕ್ ಮಾರಪ್ಪ ಹಿಂಗಂತೀಯ? ಅವತ್ತು ದುಡಿದೋರಲ್ಲಿ ಉಳಿದಿರೋನು ನೀನೊಬ್ನೇ. ಗಡಿಯಾಗೆ ಅದಾನಲ್ಲ ನಿನ್ ಮಗ, ಅವನಿಗೇ ಹೋಗೋದು ಕಣೋ ಈ ಅದಿರು. ಅವನ ಕೈ ಬರಿದಾಗ್ಲಿ ಅಂತೀಯೇನು?’ ಅಂದರು. ಅತ್ತೆ ಬಾಗಿಲಲ್ಲಿ ನಿಂತಿದ್ದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು, ‘ನಡೀರಿ’ ಅಂದರು. ಕಣ್ಣು ಮಂಜಾಗಿರುವುದರಿಂದ ಕೈ ಹಿಡಿಯಲು ನಾನೂ ಹೊರಟೆ.

ಗಣಿಯ ಬಾಯಿಗೆ ಲಂಟಾನ ಬೆಳೆದು ಗೋಡೆಯಂತಾಗಿತ್ತು. ಕಡಿದು ಒಳಗೆ ಕಾಲಿಟ್ಟರೆ ಬಾವಲಿಗಳ ನಾತ. ತಲೆಗೆ ದೀಪದ ಟೋಪಿ ಹಾಕಿದ್ದರು, ನನಗೂ ಒಂದು ಕೊಟ್ಟರು. ನೀವು ನೋಡಿದ್ದರೆ ನಕ್ಕು ನಕ್ಕು ಬೀಳುತ್ತಿದ್ದಿರಿ. ಗೋಡೆ ಮುಟ್ಟಿದರೆ ಅಂಗೈ ಕಾಡಿಗೆ ತೀಡಿದಂತೆ ಕಪ್ಪಾಗುತ್ತದೆ. ಗುಡ್ಡಕ್ಕೆ ಆ ಹೆಸರು ಯಾಕೆ ಬಂತೆಂದು ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನಗೆ ಗೊತ್ತಾಯಿತು. ಏನೂ ನೆನಪಿಲ್ಲ ಎಂದ ಮಾವ ಒಳಗೆ ಹೋಗುತ್ತಿದ್ದಂತೆ ನನ್ನ ಕೈ ಬಿಟ್ಟರು. ‘ಬಲಕ್ಕೆ ಬ್ಯಾಡ, ನೀರು ನಿಂತಿರ್ತೈತೆ. ಇಲ್ಲಿ ತಲೆ ತಗ್ಗಿಸ್ರಿ’ ಎನ್ನುತ್ತ ಕತ್ತಲೆಯಲ್ಲಿ ನಮ್ಮೆಲ್ಲರಿಗಿಂತ ಮುಂದೆ ನಡೆದರು. ಮೇಡಂ ಸುತ್ತಿಗೆಯಿಂದ ಅಲ್ಲಲ್ಲಿ ಒಡೆದು, ಚೂರುಗಳನ್ನು ಚೀಲಕ್ಕೆ ತುಂಬಿ, ನಂಬರು ಬರೆದು ನನ್ನ ಕೈಗೆ ಕೊಡುತ್ತಿದ್ದರು. ಎರಡು ದಿನ ಹೀಗೇ ನಡೆಯಿತು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಗುತ್ತಿತ್ತು. ಪ್ರತಿ ಚೀಲ ಕಟ್ಟುವಾಗಲೂ ಇದು ನಿಮಗೆ ಎಂದುಕೊಳ್ಳುತ್ತಿದ್ದೆ.

ಮೂರನೆಯ ದಿನ ಸುರಂಗದ ತುದಿ ಸಿಕ್ಕಿತು. ಅದು ನಿಜವಾದ ತುದಿಯಲ್ಲ, ಮೇಲಿನಿಂದ ಕಲ್ಲು ಮಣ್ಣು ಕುಸಿದು ದಾರಿ ಮುಚ್ಚಿಹೋಗಿತ್ತು. ಮೇಡಂ ಟಾರ್ಚು ಬಿಟ್ಟು ನೋಡಿ, ‘ಇದರ ಆಚೆ ಒಳ್ಳೆಯ ಅದಿರು ಇದೆ. ಪಟ್ಟೆ ನೋಡಿ, ಹೇಗೆ ಒಳಗೆ ಹೋಗಿದೆ’ ಎಂದು ಖುಷಿಯಿಂದ ಕೂಗಿದರು. ನಾನು ತಿರುಗಿ ನೋಡಿದರೆ ಮಾವ ನೆಲದ ಮೇಲೆ ಕೂತುಬಿಟ್ಟಿದ್ದರು. ಉಸಿರು ಕಟ್ಟಿತೇನೋ ಎಂದು ಹೆದರಿ ಹೊರಗೆ ಕರೆತಂದು ನೀರು ಕುಡಿಸಿದೆ. ಹೊರಗೆ ಬಂದವರು ಮೇಡಂ ಮುಂದೆ ಕೈ ಮುಗಿದು, ‘ಸಿಡಿಮದ್ದು ಇಡಬ್ಯಾಡ್ರೀ ತಾಯಿ. ಕೈಲೇ ತೆಗೆಸ್ರಿ. ನಾನೂ ಹೊರ್ತೀನಿ’ ಅಂದರು. ಮೇಲ್ಭಾಗ ಸಡಿಲವಿದೆ ಎಂದು ಅವರ ಮಾತಿನ ಅರ್ಥ ಎಂದುಕೊಂಡ ಮೇಡಂ ಎರಡು ದಿನ ಒಪ್ಪಿದರು. ಹಟ್ಟಿಯ ಗಂಡಸರು ಕೂಲಿಗೆ ಬಂದರು. ಅರವತ್ತೆಂಟು ವರ್ಷದ ಮಾವ ಅವರ ಜೊತೆ ಮಣ್ಣಿನ ಪುಟ್ಟಿ ಹೊತ್ತರು. ಪ್ರತಿ ಪುಟ್ಟಿಯನ್ನೂ ಸುರಿಯುವ ಮೊದಲು ನೆಲಕ್ಕಿಟ್ಟು, ಬಗ್ಗಿ, ಬೆರಳಾಡಿಸಿ ನೋಡುತ್ತಿದ್ದರು. ಅದಿರು ನೋಡುತ್ತಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಎರಡು ದಿನದಲ್ಲಿ ನಾಲ್ಕು ಮಾರು ದೂರವೂ ಆಗಲಿಲ್ಲ. ಆರನೆಯ ದಿನ ಬೆಳಗ್ಗೆ ಕಲ್ಲಿಗೆ ತೂತು ಕೊರೆಯುವ ಯಂತ್ರ ಬಂತು, ಮದ್ದು ಇಡುವವರೂ ಬಂದರು. ಮಾವ ಅವರಿಗಿಂತ ಮೊದಲೇ ಹೋಗಿ ಗಣಿಯ ಬಾಯಿಗೆ ಅಡ್ಡ ಕೂತಿದ್ದರು. ಗುರುಮಲ್ಲಪ್ಪ ಬೈದರು, ರಮಿಸಿದರು, ಏಳಲಿಲ್ಲ. ಕೊನೆಗೆ ಮೇಡಂ ಎದುರು ಬಂದು ಕುಕ್ಕರುಗಾಲಲ್ಲಿ ಕೂತು, ‘ಯಾಕಜ್ಜಾ?’ ಎಂದು ಕೇಳಿದರು. ಆಗ ಮಾವ ಹೇಳಿದರು: ‘ಒಳಗೆ ಜಟ್ಟಪ್ಪ ಅದಾನೆ ತಾಯಿ.’

ಜಟ್ಟಪ್ಪ ಎಂದರೆ ಯಾರೆಂದು ನಿಮಗೆ ಬರೆಯಬೇಕಾಗಿಲ್ಲ. ನಿಮ್ಮನ್ನು ಮೂರು ವರ್ಷದವರೆಗೆ ಸೊಂಟದಿಂದ ಇಳಿಸದ ಲೋಕಮ್ಮ ದೊಡ್ಡವ್ವನ ಗಂಡ. ಮದುವೆಯಾದ ವರ್ಷವೇ ಗಣಿ ಕೆಲಸ ಬಿಟ್ಟು ಗೋವಾ ಕಡೆ ಓಡಿಹೋದ, ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಎಂದು ಹಟ್ಟಿಯೆಲ್ಲ ಹೇಳುವ ಜಟ್ಟಪ್ಪ. ನಾನು ಹೊಸದಾಗಿ ಬಂದಾಗ ನೀವೂ ಹಾಗೇ ಹೇಳಿದ್ದಿರಿ, ದೊಡ್ಡವ್ವನ ಮುಂದೆ ಮಾತ್ರ ಆ ಸುದ್ದಿ ಎತ್ತಬೇಡ ಎಂದಿರಿ.

ಮಾವ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ‘ಮರದ ಆಧಾರ ಕೊಟ್ಟಿದ್ರು ಒಳಗೆ. ಬ್ಯಾರೆ ಸುರಂಗಕ್ಕೆ ಬೇಕು ಅಂತ ಮೇಸ್ತ್ರಿ ಅವನ್ನ ಕಿತ್ತಾಕ್ಸಿದ. ಬ್ಯಾಡ ಅಂದ್ವಿ, ಕೇಳ್ಲಿಲ್ಲ. ನಾನೂ ಅವನೂ ಇಬ್ರೇ ಇದ್ವಿ. ಬಾಯಾರಿಕೆ ಆಗೈತೆ, ನೀರು ತಗಂಬಾ ಅಂತ ಜಟ್ಟಪ್ಪನೇ ನನ್ನ ಕಳ್ಸಿದ. ಕೊಡ ತುಂಬಿಸ್ತಿದ್ದೆ, ಗುಡ್ಡ ನಡುಗ್ತು. ಓಡಿ ಬಂದೆ. ಒಳಗಿಂದ ಅವನು ಸುತ್ತಿಗೇಲಿ ಕಲ್ಲು ಬಡೀತಿದ್ದ ತಾಯಿ. ಟಕ್ ಟಕ್ ಅಂತ. ಬೆಳಗ್ಗೆ ಶುರುವಾಗಿದ್ದು ಇಳಿಹೊತ್ತಿನ ತನಕ ಕೇಳ್ತು. ತೆಗೀತೀವಿ ಅಂದ್ವಿ. ಇನ್ನೂ ನಾಲ್ಕು ಜನ ಸಾಯ್ತೀರಿ ಅಂತ ಗುತ್ತಿಗೆದಾರ ಬಿಡ್ಲಿಲ್ಲ. ಹೊತ್ತು ಇಳೀತು, ಸದ್ದು ನಿಂತೋಯ್ತು.’ ಮಾರನೆಯ ದಿನ ಹಾಜರಿ ಪುಸ್ತಕದಲ್ಲಿ ಜಟ್ಟಪ್ಪ ಕೆಲಸ ಬಿಟ್ಟು ಹೋಗಿದ್ದಾನೆ ಎಂದು ಬರೆದರಂತೆ. ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದ್ದು ಮಾವ. ಬಾಯಿ ಬಿಟ್ಟರೆ ನಿನ್ನ ಮೇಲೇ ಕೊಲೆಯ ಕೇಸು ಹಾಕಿಸುತ್ತೇವೆ, ಕೊನೆಗೆ ಅವನ ಜೊತೆ ಇದ್ದವನು ನೀನೇ ಎಂದು ಹೆದರಿಸಿದ್ದರಂತೆ. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಗಣಿ ಆ ವರ್ಷವೇ ಮುಚ್ಚಿತು. ಮೇಸ್ತ್ರಿ, ಗುತ್ತಿಗೆದಾರ ಇಬ್ಬರೂ ಈಗಿಲ್ಲ. ಪ್ರತಿ ಯುಗಾದಿಗೆ ಮಾವ ಲೋಕಮ್ಮ ದೊಡ್ಡವ್ವನ ಮನೆ ಬಾಗಿಲಿಗೆ ಒಂದು ಹೆಣ್ಣುಮರಿ ಬಿಟ್ಟು ಬರುತ್ತಿದ್ದರಲ್ಲ, ಹರಕೆಯೋ ಏನೋ ಎಂದುಕೊಂಡಿದ್ದೆವು.

ಚೈತ್ರಶ್ರೀ ಮೇಡಂ ಒಳ್ಳೆಯವರು. ಇದನ್ನು ನೀವು ನಂಬಬೇಕು. ಅವರು ಯಂತ್ರ ನಿಲ್ಲಿಸಿ, ಫೋನಿಗೆ ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಹತ್ತಿ, ಅರ್ಧ ಗಂಟೆ ಮೇಲಿನವರ ಜೊತೆ ಮಾತನಾಡಿದರು. ಗಾಳಿಗೆ ಅವರ ಮಾತು ಚೂರುಚೂರಾಗಿ ಕೆಳಗೆ ಬರುತ್ತಿತ್ತು. ‘ಮನುಷ್ಯ ಸರ್’ ಎಂದು ಎರಡು ಸಲ ಅಂದದ್ದು ನನಗೆ ಕೇಳಿಸಿತು. ಇಳಿದು ಬಂದಾಗ ಯಾರ ಮುಖವನ್ನೂ ನೋಡಲಿಲ್ಲ. ದಾಖಲೆಯಲ್ಲಿ ಆ ಮನುಷ್ಯ ಕೆಲಸ ಬಿಟ್ಟು ಹೋಗಿದ್ದಾನೆ, ಒಬ್ಬ ಮುದುಕನ ಮಾತಿನ ಮೇಲೆ ಪೊಲೀಸು, ಪಂಚನಾಮೆ ಎಂದು ಕೂತರೆ ತಿಂಗಳುಗಟ್ಟಲೆ ಹೋಗುತ್ತದೆ, ಅಲ್ಲಿ ಗಡಿಯಲ್ಲಿ ಸಾಯುತ್ತಿರುವವರ ಲೆಕ್ಕ ಯಾರು ಕೊಡುತ್ತಾರೆ ಎಂದು ಮೇಲಿನವರು ಕೇಳಿದರಂತೆ. ‘ಅಜ್ಜಾ, ಒಂದು ದಿನ ತಡೆಯೋದು ನನ್ನ ಕೈಯಲ್ಲಿದೆ. ನಾಳೆ ಸಂಜೆವರೆಗೆ ಕೈಯಿಂದ ತೆಗೆಯಿರಿ. ಆಮೇಲೆ ನಾನು ಒಲ್ಲೆ ಅಂದ್ರೂ ಇನ್ನೊಬ್ಬರು ಬಂದು ಮದ್ದು ಇಡ್ತಾರೆ’ ಎಂದು ಮೇಡಂ ಹೇಳಿದರು.

ಲೋಕಮ್ಮ ದೊಡ್ಡವ್ವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮಾವನಿಗೆ ಕಾಲೇ ಬರಲಿಲ್ಲ, ಅತ್ತೆ ಅಳುತ್ತ ಕೂತರು. ನಾನು ಹೋದಾಗ ದೊಡ್ಡವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ‘ಬಾ ರೋಜಾ, ನಿನ್ ಗಂಡಂದು ಏನಾದ್ರೂ ಸುದ್ದಿ ಬಂತಾ?’ ಎಂದು ದಿನಾ ಕೇಳುವಂತೆ ಕೇಳಿದರು. ಹೇಗೆ ಹೇಳಿದೆನೋ ನನಗೇ ನೆನಪಿಲ್ಲ, ಹಿಂದುಮುಂದಾಗಿ ಹೇಳಿದೆ. ಅವರು ಮೊರ ಕೆಳಗಿಡಲಿಲ್ಲ. ಅಕ್ಕಿಯಲ್ಲಿ ಸಿಕ್ಕ ಒಂದೆರಡು ಕಲ್ಲು ಆರಿಸಿ ಅಂಗಳಕ್ಕೆ ಎಸೆದು, ಆಮೇಲೆ ನನ್ನ ಕಡೆ ನೋಡಿ, ‘ಹಂಗಾರೆ ಓಡಿ ಹೋಗಿರ್ಲಿಲ್ಲ ಅಲ್ಲಾ?’ ಅಂದರು. ಇಲ್ಲ ದೊಡ್ಡವ್ವ ಅಂದೆ. ‘ನನ್ನ ಬಿಟ್ಟು ಹೋಗಿರ್ಲಿಲ್ಲ’ ಎಂದು ಮತ್ತೊಮ್ಮೆ ತಮಗೆ ತಾವೇ ಹೇಳಿಕೊಂಡರು. ಆಗ ಅವರ ಮುಖದಲ್ಲಿ ಏನು ಬಂತು ಎಂದು ಬರೆಯಲು ನನಗೆ ಬರುವುದಿಲ್ಲ. ನಗು ಎಂದೇ ಹೇಳಬೇಕು. ಅರವತ್ತೈದು ವರ್ಷದ ಮುದುಕಿ ನಾಚಿಕೊಂಡಂತೆ ಕಂಡಿತು. ಅಳು ಶುರುವಾದದ್ದು ಆಮೇಲೆ, ದಾರಿಯಲ್ಲಿ, ನನ್ನ ಭುಜ ಹಿಡಿದು ಗುಡ್ಡ ಹತ್ತುವಾಗ.

ಮಾವನ ಎದುರು ಬಂದು ನಿಂತಾಗ ದೊಡ್ಡವ್ವ ಕೈ ಎತ್ತುತ್ತಾರೆ, ಶಾಪ ಹಾಕುತ್ತಾರೆ ಎಂದು ಎಲ್ಲರೂ ಹೆದರಿದ್ದೆವು. ಮಾವ ಕಾಲಿಗೆ ಬೀಳಲು ಬಗ್ಗಿದರು. ಅವರು ಹಿಂದೆ ಸರಿದು, ‘ಅವತ್ತೇ ಹೇಳಿದ್ರೆ ಅವತ್ತೇ ಅತ್ತು ಮುಗಿಸ್ತಿದ್ದೆನಲ್ಲೋ ಮಾರಪ್ಪ. ಒಂದು ದಿನ ಸಾಕಾಗಿತ್ತು ಕಣೋ ಅದಕ್ಕೆ’ ಅಂದರು. ಅಷ್ಟೇ. ಆ ದಿನದಿಂದ ಇವತ್ತಿನವರೆಗೆ ಮಾವನ ಜೊತೆ ಇನ್ನೊಂದು ಮಾತಾಡಿಲ್ಲ.

ಮಾರನೆಯ ದಿನ ಹಟ್ಟಿಯಲ್ಲಿ ಒಲೆ ಹಚ್ಚಲಿಲ್ಲ. ಗಂಡಸರು ಹೆಂಗಸರು ಎನ್ನದೆ ಎಲ್ಲ ಹೋದರು. ನಾವು ಸಾಲಾಗಿ ನಿಂತು ಪುಟ್ಟಿ ಕೈ ದಾಟಿಸಿದೆವು. ಮೇಡಂ ಕೂಡ ಸಾಲಿನಲ್ಲಿ ನಿಂತಿದ್ದರು. ಬೇಗ ಬೇಗ ತೆಗೆದಷ್ಟೂ ಮೇಲಿನಿಂದ ಮಣ್ಣು ಇಳಿಯುತ್ತಲೇ ಇತ್ತು. ಮಧ್ಯಾಹ್ನ ಒಂದು ಚಪ್ಪಡಿ ಜಾರಿ ನಮ್ಮ ಹಟ್ಟಿಯ ಕೆಂಪಪ್ಪನ ಮುಂಗೈ ಮುರಿಯಿತು. ಅವನನ್ನು ಜೀಪಿನಲ್ಲಿ ಶಿಕಾರಿಪುರಕ್ಕೆ ಕಳಿಸಿದ ಮೇಲೂ ಜನ ಒಳಗೆ ನುಗ್ಗುತ್ತಿದ್ದರು. ಮೂರು ಗಂಟೆಗೆ ಮತ್ತೆ ಕುಸಿಯಿತು. ನಾವು ಬೆಳಗ್ಗೆಯಿಂದ ತೆಗೆದದ್ದಕ್ಕಿಂತ ಹೆಚ್ಚು ಬಂದು ತುಂಬಿಕೊಂಡಿತು. ಯಾರೂ ಸಿಕ್ಕಿಕೊಳ್ಳಲಿಲ್ಲ, ದೇವರು ದೊಡ್ಡವನು. ಆದರೆ ಮೇಡಂ ಎರಡೂ ಕೈ ಚಾಚಿ ಅಡ್ಡ ನಿಂತು, ಸಾಕು, ಇನ್ನು ಯಾರೂ ಹೋಗಬೇಡಿ ಎಂದು ಅತ್ತರು. ಅವರು ಹೇಳಿದ್ದು ಸರಿಯಿತ್ತು. ನಲವತ್ತಾರು ವರ್ಷದ ಹಿಂದೆ ಗುತ್ತಿಗೆದಾರ ಹೇಳಿದ್ದೂ ಇದನ್ನೇ ಎಂದು ನನಗೆ ಆಗ ಹೊಳೆಯಿತು.

ಮರುದಿನ ಹತ್ತು ಗಂಟೆಗೆ ಮದ್ದು ಹೊಡೆದರು. ಕೆಂಪು ಬಾವುಟದ ಆಚೆ ಎಲ್ಲರನ್ನೂ ನಿಲ್ಲಿಸಿದ್ದರು. ದೊಡ್ಡವ್ವ ಮಾತ್ರ ಇನ್ನೂ ಗಣಿಯ ಬಾಯಿಯ ಹತ್ತಿರ ಕೂತು, ಒಳಗೆ ನೋಡುತ್ತ, ಏನೋ ಮೆಲ್ಲಗೆ ಹೇಳುತ್ತಿದ್ದರು. ನಾನೂ ಅತ್ತೆಯೂ ರಟ್ಟೆ ಹಿಡಿದು ಎಬ್ಬಿಸಿದೆವು. ಜಗ್ಗಾಡಲಿಲ್ಲ. ಹತ್ತೊಂಬತ್ತು ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಅದು ತಿಳಿಯದೆ, ಗಂಡ ಬಿಟ್ಟವಳು ಎಂದು ಕರೆಸಿಕೊಂಡು ಬಾಳಿದ ಆ ಹೆಂಗಸು ಎಷ್ಟು ಹಗುರ ಇದ್ದರು ಅಂದರೆ, ಎರಡು ಕೊಡ ನೀರಿನಷ್ಟೂ ಭಾರವಿರಲಿಲ್ಲ. ಸದ್ದಿಗೆ ಕುರಿಗಳು ದಿಕ್ಕಾಪಾಲಾದವು, ಸಂಜೆಯವರೆಗೆ ಹುಡುಕಿ ತಂದೆವು.

ಯಂತ್ರ ಒಳಗಿನ ಕಲ್ಲುಮಣ್ಣನ್ನು ಬಾಚಿ ಹೊರಗೆ ಗುಡ್ಡೆ ಹಾಕಿತು. ಲೋಕಮ್ಮ ದೊಡ್ಡವ್ವ ಆ ಗುಡ್ಡೆಯ ಪಕ್ಕ ಕೂತು ಒಂದೊಂದೇ ಕಲ್ಲು ಎತ್ತಿ ನೋಡಿದರು. ಅತ್ತೆ ಹೋಗಿ ಜೊತೆಗೆ ಕೂತರು, ಆಮೇಲೆ ಹಟ್ಟಿಯ ಹೆಂಗಸರೆಲ್ಲ ಕೂತರು. ಎರಡು ದಿನ ಹುಡುಕಿದೆವು. ಎಲ್ಲ ಕಪ್ಪು. ನಾನು ಮೇಡಂ ಹತ್ತಿರ ಹೋಗಿ, ಮೂಳೆಯಾದರೂ ಬಿಳಿ ಇರಬೇಕಲ್ಲ ಎಂದು ಕೇಳಿದೆ. ‘ಈ ಅದಿರಿನ ನೀರಿನಲ್ಲಿ ಇಷ್ಟು ವರ್ಷ ಇದ್ದರೆ ಮೂಳೆಯೂ ಕಪ್ಪಾಗುತ್ತೆ ರೋಜಾ. ಕಲ್ಲಿನ ಥರಾನೇ ಕಾಣುತ್ತೆ’ ಅಂದರು. ಇದನ್ನು ದೊಡ್ಡವ್ವನಿಗೆ ಹೇಳಬೇಡಿ ಎಂದರು. ನಾನು ಹೇಳಲಿಲ್ಲ. ಮೂರನೆಯ ದಿನ ಟಿಪ್ಪರ್‌ಗಳು ಬಂದು ಗುಡ್ಡೆಯನ್ನು ತುಂಬಿಕೊಂಡು ಹೋದವು. ದೊಡ್ಡವ್ವ ಒಂದು ಟಿಪ್ಪರ್‌ನ ಹಿಂದೆ ಸ್ವಲ್ಪ ದೂರ ನಡೆದುಕೊಂಡು ಹೋಗಿ, ಹೊಸಬಾಳೆ ತಿರುವಿನಲ್ಲಿ ನಿಂತು, ವಾಪಸು ಬಂದರು.

ಅದಿರು ಚೆನ್ನಾಗಿದೆಯಂತೆ. ಎಣಿಸಿದ್ದಕ್ಕಿಂತ ಚೆನ್ನಾಗಿದೆಯಂತೆ. ಈಗ ದಿನಕ್ಕೆ ಇಪ್ಪತ್ತು ಗಾಡಿ ಆನವಟ್ಟಿ ಮೇಲೆ ಹೋಗುತ್ತವೆ. ಗುಡ್ಡಕ್ಕೆ ತಂತಿಬೇಲಿ ಬಿದ್ದಿದೆ, ಕುರಿಗಳನ್ನು ಕೆರೆಯಂಗಳಕ್ಕೆ ಹೊಡೆಯುತ್ತಿದ್ದೇನೆ. ಮೇಡಂ ಬೇರೆ ಊರಿನ ಗಣಿಗೆ ಹೋದರು. ಹೋಗುವ ಮುಂಚೆ, ನನ್ನ ವರದಿಯಲ್ಲಿ ಜಟ್ಟಪ್ಪನ ಹೆಸರು ಬರೆದಿದ್ದೇನೆ, ಮೇಲಿನವರು ಆ ಪುಟ ಇಟ್ಟುಕೊಳ್ಳುತ್ತಾರೋ ಹರಿಯುತ್ತಾರೋ ಗೊತ್ತಿಲ್ಲ ಎಂದು ಹೇಳಿ ಹೋದರು. ಮಾವ ದೊಡ್ಡವ್ವನಿಗೆ ಜಟ್ಟಪ್ಪನ ಮರಣದ ಕಾಗದವನ್ನಾದರೂ ಕೊಡಿಸೋಣ ಎಂದು ತಾಲ್ಲೂಕು ಕಚೇರಿಗೆ ಹೋದರು, ನಾನೇ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಗುಮಾಸ್ತರು ಗಟ್ಟಿಯಾಗಿಯೂ ಮಾತಾಡಲಿಲ್ಲ, ಸಮಾಧಾನವಾಗಿಯೇ ಕೇಳಿದರು: ‘ಕೆಲಸ ಬಿಟ್ಟು ಹೋಗಿದ್ದಾನೆ ಅಂತ ಅವತ್ತು ಸಾಕ್ಷಿ ಹೇಳಿರೋದೂ ನೀವೇ. ಒಳಗೆ ಸತ್ತ ಅಂತ ಇವತ್ತು ಹೇಳ್ತಿರೋದೂ ನೀವೇ. ಯಾವುದು ಸುಳ್ಳು ಅಜ್ಜಾ?’ ಮಾವ ತಮ್ಮ ಹೆಬ್ಬೆಟ್ಟನ್ನೇ ನೋಡುತ್ತ ನಿಂತರು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಕರೆದುಕೊಂಡು ಬಂದೆ.

ಕುಂಕುಮ ಅಳಿಸಬೇಕೋ ಇಟ್ಟುಕೊಳ್ಳಬೇಕೋ ಎಂದು ದೊಡ್ಡವ್ವ ಅತ್ತೆಯನ್ನು ಕೇಳಿದರು. ಅತ್ತೆಗೆ ಹೇಳಲಾಗಲಿಲ್ಲ. ಊರಿನ ಹಿರಿಯರಿಗೂ ಹೇಳಲಾಗಲಿಲ್ಲ. ಹೆಣವಿಲ್ಲ, ಕಾಗದವಿಲ್ಲ, ಯಾವುದರ ಮುಂದೆ ಬಳೆ ಒಡೆಯುವುದು? ಈಗ ಅವರು ಹಣೆಗೆ ಕುಂಕುಮ ಇಡುತ್ತಾರೆ, ಹೂ ಮುಡಿಯುವುದಿಲ್ಲ. ಹೀಗೆ ಅರ್ಧ ಮಾಡಿಕೊಂಡಿದ್ದಾರೆ.

ಇನ್ನೊಂದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಲಾರೆ. ಮೇಡಂ ನೆತ್ತಿಯಿಂದ ಇಳಿದು ಬಂದು ಮದ್ದು ಇಡಲೇಬೇಕಂತೆ ಎಂದಾಗ ಎಲ್ಲರೂ ಮರುಗಿದರು, ನಾನೂ ಮರುಗಿದೆ. ಆದರೆ ಎದೆಯ ಒಂದು ಮೂಲೆಯಲ್ಲಿ, ಸದ್ಯ, ಅದಿರು ತಡವಾಗುವುದಿಲ್ಲ, ನಿಮಗೆ ತಲುಪುತ್ತದೆ ಎಂದು ನೆಮ್ಮದಿಯೂ ಆಯಿತು. ಪುಟ್ಟಿ ದಾಟಿಸುವಾಗ, ಜಟ್ಟಪ್ಪ ಬೇಗ ಸಿಗಲಿ ಎಂದು ಒಂದು ಕಡೆ, ಬೇಗ ಮುಗಿಯಲಿ ಎಂದು ಇನ್ನೊಂದು ಕಡೆ. ದೊಡ್ಡವ್ವನ ಪಕ್ಕದಲ್ಲೇ ನಿಂತು ಹಾಗೆ ಯೋಚಿಸಿದೆ. ಮಾವ ಹೆಬ್ಬೆಟ್ಟು ಒತ್ತಿದ್ದನ್ನು ನೆನೆದು ನನಗೆ ಸಿಟ್ಟು ಬರುವುದಿಲ್ಲ. ಅದೂ ನನಗೆ ಒಳ್ಳೆಯದೆನಿಸುವುದಿಲ್ಲ. ಅವರು ಈಗ ಕುರಿ ಹೊಡೆಯುವುದನ್ನು ಬಿಟ್ಟಿದ್ದಾರೆ. ಜಗಲಿಯಲ್ಲಿ ಕೂತಿರುತ್ತಾರೆ. ಟಿಪ್ಪರ್ ಹೋದಾಗ ಎದ್ದು ನಿಲ್ಲುತ್ತಾರೆ, ಹೋದ ಮೇಲೆ ಕೂರುತ್ತಾರೆ. ನೀವು ಎರಡು ಸಾಲು ಬರೆದರೆ, ಬೈದೇ ಬರೆದರೂ ಸರಿ, ಅವರಿಗೆ ಓದಿ ಹೇಳುತ್ತೇನೆ.

ಅತ್ತೆ ಆಶೀರ್ವಾದ ಬರಿ ಎನ್ನುತ್ತಿದ್ದಾರೆ, ಬೀರಪ್ಪ ದೇವರ ಭಂಡಾರದ ಅರಿಶಿನ ಚೂರು ಕಾಗದದ ಮಡಿಕೆಯಲ್ಲಿ ಹಾಕಿದ್ದಾರೆ, ಬಿಚ್ಚುವಾಗ ಚೆಲ್ಲೀತು. ಮಾವ ಆಶೀರ್ವಾದ ಬರೆಯಬೇಡ ಅಂದರು, ಅವರಿಗೆ ಆ ಯೋಗ್ಯತೆ ಇಲ್ಲವಂತೆ. ನಾನು ಬರೆದಿದ್ದೇನೆ, ತೆಗೆದುಕೊಳ್ಳಿ. ಲೋಕಮ್ಮ ದೊಡ್ಡವ್ವ ನಿಮ್ಮ ತಲೆ ಸವರಿದೆ ಎಂದು ಬರೆಯಲು ಹೇಳಿದ್ದಾರೆ. ಎಲ್ಲಿದ್ದರೂ ಬೆಚ್ಚಗಿರಿ.

ನಿಮ್ಮವಳೇ ಆದ,
ರೋಜಾ

ಮರೆತಿದ್ದು: ಆನವಟ್ಟಿಯಲ್ಲಿ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಅದಕ್ಕೇ. ಅಂಚೆಚೀಟಿ ಹಚ್ಚಲು ಒಳಗೆ ಹೋದರೆ ಪೋಸ್ಟ್ ಮಾಸ್ಟರು ನನ್ನನ್ನು ಕೂರಿಸಿ ನೀರು ಕೊಟ್ಟರು. ಸೆಪ್ಟೆಂಬರಿನಲ್ಲಿ ಒಂದು, ದಸರಾಕ್ಕೆ ಒಂದು ಬರೆದಿದ್ದೆನಲ್ಲ, ಎರಡೂ ಪತ್ರ ಒಡೆಯದೆ ವಾಪಸು ಬಂದಿವೆ. ಮೇಲೆ ‘ಕಳಿಸಿದವರಿಗೆ ಹಿಂದಿರುಗಿಸಿ’ ಎಂಬ ಮುದ್ರೆ ಇದೆ. ಯಾಕೆ ಎಂದು ಬರೆದಿಲ್ಲ. ಅವರಿಗೂ ಗೊತ್ತಿಲ್ಲವಂತೆ. ಮನೆಯಲ್ಲಿ ನಾನು ಹೇಳುವುದಿಲ್ಲ. ಆದರೂ ಇದನ್ನು ಹಾಕುತ್ತಿದ್ದೇನೆ. ಇದನ್ನು ನೀವು ಒಡೆದಿದ್ದರೆ ನನಗೆ ಬೇರೇನೂ ಬೇಡ. ನೀವಲ್ಲದೆ ಇನ್ಯಾರಾದರೂ ಒಡೆದಿದ್ದರೆ, ಅಣ್ಣಾ, ನೀವು ಯಾರೋ ನನಗೆ ಗೊತ್ತಿಲ್ಲ, ಕನ್ನಡ ಬಲ್ಲವರಿಂದ ಓದಿಸಿಕೊಳ್ಳಿ. ಕಾಣೆಯಾಗಿದ್ದಾರೆ ಎಂದೋ, ಸಂಪರ್ಕ ಸಿಗುತ್ತಿಲ್ಲ ಎಂದೋ ಬರೆಯಬೇಡಿ. ಏನಾಗಿದೆಯೋ ಅದನ್ನೇ ಬರೆಯಿರಿ. ನನಗೆ ಓದಲು ಬರುತ್ತದೆ.